ಬ್ರದರ್ಸ್ ಇನ್ ಆರ್ಮ್ಸ್: ಎರಡನೆಯ ಮಗ್ಗುಲನ್ನು ಮತ್ತೆ ಕೇಳಿದಾಗ

ಬ್ರಿಟಿಷ್ ರಾಕ್ ತಂಡ ಡೈರ್ ಸ್ಟ್ರೇಟ್ಸ್‌ನ ಆಲ್ಬಮ್ ‘ಬ್ರದರ್ಸ್ ಇನ್ ಆರ್ಮ್ಸ್’ 1985ರ ಮೇ ತಿಂಗಳಲ್ಲಿ ಹೊರಬಂದಾಗ ಸಿ.ಡಿ. ಇನ್ನೂ ಹೊಸ ವಸ್ತುವಾಗಿತ್ತು. ಕೆರಿಬಿಯನ್ ದ್ವೀಪ ಮಾಂಟ್ಸೆರಾಟ್‌ನ ಸ್ಟುಡಿಯೋದಲ್ಲಿ ಡಿಜಿಟಲ್ ಟೇಪಿನ ಮೇಲೆ ಮುದ್ರಿತವಾದ ಈ ಆಲ್ಬಮ್, ಸಿ.ಡಿ. ರೂಪದಲ್ಲಿಯೇ ಹತ್ತು ಲಕ್ಷ ಪ್ರತಿ ಮಾರಾಟವಾದ ಮೊದಲನೆಯದು. ಅದರ ನಿರ್ಮಲವಾದ ಧ್ವನಿಯೇ ಅದಕ್ಕೆ ಮುಳುವೂ ಆಯಿತು: ಇದು ಸ್ಪೀಕರ್ ಪರೀಕ್ಷಿಸಲು ಹಾಕುವ ಸಂಗೀತವೆಂದು ಹಗುರವಾಗಿ ಮಾತನಾಡುವವರು ಇಂದಿಗೂ ಇದ್ದಾರೆ. ಈಚೆಗೆ ಮೊದಲಿನಿಂದ ಕೊನೆಯವರೆಗೆ ಎರಡು ಬಾರಿ ಕೇಳಿದ ಮೇಲೆ, ಆ ಮಾತು ಹೆಚ್ಚೆಂದರೆ ಎಲ್‌ಪಿಯ, ಅಂದರೆ ಗ್ರಾಮಫೋನ್ ತಟ್ಟೆಯ, ಮೊದಲ ಮಗ್ಗುಲಿಗೆ ಸಲ್ಲುತ್ತದೆ ಎಂದು ನನಗೆ ತೋರಿತು.

ಎಲ್ಲರಿಗೂ ನೆನಪಿರುವುದು ‘ಮನಿ ಫಾರ್ ನಥಿಂಗ್’. ಟಿ.ವಿ.ಯಲ್ಲಿ ಕುಣಿಯುವ ಗಾಯಕರನ್ನು ಕಂಡು ಗೊಣಗುವ ಅಂಗಡಿ ನೌಕರನ ಮಾತನ್ನೇ ತಂಡದ ಗಾಯಕ, ಗಿಟಾರ್ ವಾದಕ ಮಾರ್ಕ್ ನಾಫ್ಲರ್ ಹಾಡಾಗಿಸಿದ್ದಾರೆ. ಆ ಗಿಟಾರಿನ ಒರಟು ನಾದ ಇಂದಿಗೂ ಮಾಸಿಲ್ಲ. ಆದರೆ ನೌಕರನ ಬಾಯಲ್ಲಿ ಬರುವ, ಸಲಿಂಗಿಗಳನ್ನು ಹೀಯಾಳಿಸುವ ಪದ, ಅದು ಪಾತ್ರದ ಮಾತೆಂದು ತಿಳಿದಿದ್ದರೂ, ಈಗ ಕಿವಿಗೆ ಚುಚ್ಚುತ್ತದೆ. ‘ವಾಕ್ ಆಫ್ ಲೈಫ್’ ಲವಲವಿಕೆಯ ಹಾಡು, ಅಷ್ಟೇ.

ಆಲ್ಬಮ್ಮಿನ ಜೀವವಿರುವುದು ಎರಡನೆಯ ಮಗ್ಗುಲಿನಲ್ಲಿ. ಇಲ್ಲಿನ ನಾಲ್ಕು ಹಾಡುಗಳಲ್ಲಿ ಮೂರು ಯುದ್ಧದ ಸುತ್ತ ಹೆಣೆದವು. ‘ರೈಡ್ ಅಕ್ರಾಸ್ ದ ರಿವರ್’ನಲ್ಲಿ ಕೂಲಿಗಾಗಿ ಕಾದುವ ಸೈನಿಕನ ದನಿಯಿದೆ, ‘ದ ಮ್ಯಾನ್ಸ್ ಟೂ ಸ್ಟ್ರಾಂಗ್’ನಲ್ಲಿ ತನ್ನ ಕ್ರೌರ್ಯವನ್ನು ತಾನೇ ಒಪ್ಪಿಕೊಳ್ಳುವ ಮುದುಕನೊಬ್ಬನ ಪಿಸುಮಾತು, ನಡುನಡುವೆ ಥಟ್ಟನೆ ಅಪ್ಪಳಿಸುವ ವಾದ್ಯಗಳಿಂದ ತುಂಡಾಗುತ್ತದೆ. ಬ್ರಿಟನ್ ಮತ್ತು ಅರ್ಜೆಂಟೀನಾ ನಡುವಿನ 1982ರ ಫಾಕ್‌ಲ್ಯಾಂಡ್ಸ್ ಯುದ್ಧದ ಹಿನ್ನೆಲೆಯಲ್ಲಿ ಹುಟ್ಟಿದ ಶೀರ್ಷಿಕೆ ಗೀತೆಯಲ್ಲಿ, ಸಾಯುತ್ತಿರುವ ಯೋಧ ತನ್ನ ಸಂಗಾತಿಗಳಿಗೆ ವಿದಾಯ ಹೇಳುವಾಗ ನಾಫ್ಲರ್ ಒಮ್ಮೆಯೂ ದನಿಯೇರಿಸುವುದಿಲ್ಲ. ಹೇಳದೆ ಉಳಿಸಿದ್ದನ್ನು ಸಾಲುಗಳ ನಡುವೆ ಗಿಟಾರ್ ಹೇಳುತ್ತದೆ. ಸ್ವರಗಳ ನಡುವಿನ ಮೌನವೂ ಕೇಳಿಸಬೇಕಾದ ಇಂಥ ಹಾಡಿಗೆ ಆ ನಿರ್ಮಲ ಮುದ್ರಣ ಶೋಕಿಯಲ್ಲ, ಅಗತ್ಯ. ನಡುವೆ ಬರುವ ‘ಒನ್ ವರ್ಲ್ಡ್’ ಮಾತ್ರ ಭರ್ತಿಗೆ ಸೇರಿಸಿದಂತಿದೆ.

ಕೊಳ್ಳುವವರು ಒಂದು ವಿಷಯ ಗಮನಿಸಬೇಕು. ಒಂದೇ ತಟ್ಟೆಯ ಹಳೆಯ ಎಲ್‌ಪಿಯಲ್ಲಿ ಜಾಗ ಸಾಲದೆ ಮೊದಲ ಮಗ್ಗುಲಿನ ಹಲವು ಹಾಡುಗಳನ್ನು ಕತ್ತರಿಸಲಾಗಿತ್ತು. ಸಿ.ಡಿ.ಯಲ್ಲಿ ಎಂಟೂವರೆ ನಿಮಿಷವಿರುವ ‘ವೈ ವರಿ’ ಅಲ್ಲಿ ಐದು ನಿಮಿಷ ದಾಟಿ ಸ್ವಲ್ಪದರಲ್ಲೇ ಮುಗಿಯುತ್ತದೆ. ಹಾಡು ನಿಂತ ಮೇಲೆ ವಾದ್ಯಗಳಷ್ಟೇ ಸಾವಧಾನವಾಗಿ ಸಾಗುವ, ನನಗೆ ಬಹಳ ಪ್ರಿಯವಾದ ಭಾಗದ ಬಹುಪಾಲು ಅದರಲ್ಲಿಲ್ಲ. ಆದ್ದರಿಂದ ಹಳೆಯ ಸಿ.ಡಿ.ಯನ್ನೋ, ಪೂರ್ಣ ಹಾಡುಗಳಿರುವ ಎರಡು ತಟ್ಟೆಗಳ ಮರುಮುದ್ರಣವನ್ನೋ ಆರಿಸಿಕೊಳ್ಳುವುದು ಒಳಿತು.