ಕೋಲ್ಮನ್‌ಸ್ಕಾಪ್‌ಗೆ ಹಡಗಿನ ಬಸ್ಸಾ, ಟ್ಯಾಕ್ಸಿಯಾ?

ನಾನು ಪ್ರವಾಸಿ ಹಡಗಿನಲ್ಲಿ ಕೆಲಸ ಮಾಡುತ್ತೇನೆ. ನಮೀಬಿಯಾದ ಲ್ಯೂಡರಿಟ್ಸ್‌ನಲ್ಲಿ ಎರಡು ಸಲ ಇಳಿದಿದ್ದೇನೆ, ಎರಡು ಸಲವೂ ಹೋಗಿದ್ದು ಕೋಲ್ಮನ್‌ಸ್ಕಾಪ್‌ಗೇ. ಬಂದರಿನಿಂದ ಸುಮಾರು 10 ಕಿಲೋಮೀಟರ್, ಮರುಭೂಮಿಯ ಒಳಗೆ. 1908ರಲ್ಲಿ ಅಲ್ಲಿ ವಜ್ರ ಸಿಕ್ಕಿತು. 1956ರ ಹೊತ್ತಿಗೆ ಊರು ಪೂರ್ತಿ ಖಾಲಿ. ಈಗ ಆ ಮನೆಗಳಲ್ಲಿ ಮರಳೇ ವಾಸ.

ಮೊದಲ ಸಲ ಪ್ರಯಾಣಿಕರ ಜೊತೆ ಹಡಗಿನ ಬಸ್ಸಿನಲ್ಲಿ ಹೋದೆ. ಒಳಗೆ ಹೋಗೋ ಪರ್ಮಿಟ್ ಹಡಗಿನವರೇ ಮಾಡಿಸಿರುತ್ತಾರೆ, ಬಸ್ ತಡವಾದರೂ ಹಡಗು ಕಾಯುತ್ತದೆ. ಗೈಡ್ ಹೇಳಿದ್ದು ಇವತ್ತಿಗೂ ನೆನಪಿದೆ. ರೈಲು ಹಳಿ ಮೇಲಿನ ಮರಳು ತೆಗೆಯುತ್ತಿದ್ದ ಜಕಾರಿಯಸ್ ಲೆವಾಲ ಎಂಬ ಕೂಲಿಗೆ ಹೊಳೆಯೋ ಕಲ್ಲು ಸಿಕ್ಕಿತು, ಅದನ್ನು ಒಯ್ದು ಮೇಲಧಿಕಾರಿ ಆಗಸ್ಟ್ ಸ್ಟೌಖ್ ಕೈಗೆ ಕೊಟ್ಟ, ಸ್ಟೌಖ್ ಕೋಟ್ಯಧೀಶನಾದ. ಲೆವಾಲನಿಗೆ ಬಹುಮಾನ ಅಂತ ಏನೂ ಬರಲಿಲ್ಲ. ಈ ಕತೆ ಗೊತ್ತಿಲ್ಲದೆ ಅಲ್ಲಿನ ಐಸ್ ಕಾರ್ಖಾನೆ, ಬೌಲಿಂಗ್ ಆಡೋ ಜಾಗ, ನಾಟಕದ ಹಾಲ್ ನೋಡಿದರೆ ಅರ್ಧವೇ ನೋಡಿದ ಹಾಗೆ. ಆದರೆ ಬಸ್ಸಿನವರಿಗೆ ಟೈಮ್ ಕಮ್ಮಿ. ಆಸ್ಪತ್ರೆಯ ಉದ್ದದ ಓಣಿಯಲ್ಲಿ ನಿಲ್ಲೋಕೂ ಬಿಡಲಿಲ್ಲ. ಎಲ್ಲಿ ನೋಡಿದರೂ ಹೆಜ್ಜೆ ಗುರುತು, ಎಲ್ಲ ಫೋಟೋದಲ್ಲೂ ಯಾರದೋ ಟೋಪಿ.

ಎರಡನೇ ಸಲ ರಜೆ ಸಿಕ್ಕಿತ್ತು. ನಾವು ಮೂವರು ಟ್ಯಾಕ್ಸಿ ಮಾಡಿಕೊಂಡು ಬೆಳಗ್ಗೆ ಬೇಗ ಹೊರಟೆವು. ಮಾಮೂಲಿ ಟಿಕೆಟ್‌ಗೆ ಮಧ್ಯಾಹ್ನದವರೆಗೆ ಮಾತ್ರ ಬಿಡುತ್ತಾರೆ. ಫೋಟೋ ಪರ್ಮಿಟ್ ದುಬಾರಿ, ಆದರೆ ಸೂರ್ಯ ಹುಟ್ಟಿದಾಗಿನಿಂದ ಮುಳುಗೋವರೆಗೆ ಇರಬಹುದು. ಆ ದುಡ್ಡು ನನಗೆ ಜಾಸ್ತಿ ಅನ್ನಿಸಲಿಲ್ಲ. ರಾತ್ರಿ ಗಾಳಿ ಮರಳನ್ನೆಲ್ಲ ಸವರಿಟ್ಟಿತ್ತು, ಒಂದೂ ಹೆಜ್ಜೆ ಇಲ್ಲ. ಒಂದು ಕೋಣೆಯ ನೀಲಿ ಗೋಡೆಗೆ ಮರಳು ಸೊಂಟದವರೆಗೆ ಏರಿತ್ತು, ಬಾಗಿಲು ಅರ್ಧ ತೆರೆದ ಹಾಗೇ ಹೂತು ನಿಂತಿತ್ತು, ಕಿಟಕಿಯಿಂದ ಬಿಸಿಲು ಅದರ ಮೇಲೆ ಮೆಲ್ಲಗೆ ಇಳಿಯುತ್ತಿತ್ತು. ಮೂವರೂ ಮಾತೇ ಆಡಲಿಲ್ಲ.

ತೊಂದರೆ ಒಂದೇ. ವಾಪಸ್ ಬರೋ ಜವಾಬ್ದಾರಿ ನಮ್ಮದು, ಹಡಗು ನಮಗೋಸ್ಕರ ಕಾಯಲ್ಲ. ಹೋಗುವಾಗಲೇ ಡ್ರೈವರ್ ಹತ್ತಿರ ವಾಪಸ್ ಬರೋ ಟೈಮ್ ಗಟ್ಟಿ ಮಾಡಿಕೊಳ್ಳಿ.

ನನ್ನನ್ನು ಕೇಳಿದರೆ ಟ್ಯಾಕ್ಸಿಯೇ. ಮೊದಲು ಒಂದೆರಡು ಗಂಟೆ ನೀವೇ ಸುತ್ತಿ, ಆಮೇಲೆ ಅಲ್ಲೇ ಬೆಳಗ್ಗೆ ನಡೆಯೋ ಗೈಡ್ ಟೂರ್‌ಗೆ ಸೇರಿಕೊಳ್ಳಿ, ಲೆವಾಲನ ಕತೆ ತಪ್ಪಿಸಿಕೊಳ್ಳಬೇಡಿ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಮಾತ್ರ ಬಸ್ಸೇ ವಾಸಿ. ಮಧ್ಯಾಹ್ನ ಗಾಳಿ ಎದ್ದರೆ ಮರಳು ಮುಖಕ್ಕೆ ಸೂಜಿ ಚುಚ್ಚಿದ ಹಾಗೆ ಬಡಿಯುತ್ತದೆ, ಕ್ಯಾಮೆರಾಗೆ ಒಂದು ಪ್ಲಾಸ್ಟಿಕ್ ಕವರ್ ಇಟ್ಟುಕೊಂಡಿರಿ.