ರೋಮ್‌ನಲ್ಲಿ ಒಂದೇ ಒಂದು ಭಾನುವಾರ ಇರುವವರು ದಯವಿಟ್ಟು ಓದಿ

ಭಾನುವಾರ ವ್ಯಾಟಿಕನ್ ಮ್ಯೂಸಿಯಂ ಬಾಗಿಲು ಹಾಕಿರುತ್ತದೆ. ಮೊದಲು ಇದನ್ನು ಹೇಳಿಬಿಡುತ್ತೇನೆ, ಆಮೇಲೆ ನನ್ನ ಗೋಳು. ತಿಂಗಳ ಕೊನೆಯ ಭಾನುವಾರ ಒಂದು ಬಿಟ್ಟರೆ ಬೇರೆ ಯಾವ ಭಾನುವಾರವೂ ತೆರೆಯುವುದಿಲ್ಲ. ಮೈಕೆಲೆಂಜೆಲೊ ಚಾವಣಿ ತುಂಬ ಚಿತ್ರ ಬಿಡಿಸಿದ ಸಿಸ್ಟೈನ್ ಚಾಪೆಲ್ ಇರುವುದು ಆ ಮ್ಯೂಸಿಯಂ ಒಳಗೇ. ಇಷ್ಟು ಗೊತ್ತಿದ್ದರೆ ನನ್ನ 147 ಯೂರೋ ಉಳಿಯುತ್ತಿತ್ತು. ದುಡ್ಡು ಹಾಳಾಗಲಿ, ಅಪ್ಪನ ಮುಂದೆ ಮಾನ ಉಳಿಯುತ್ತಿತ್ತು.

ನಾನಿರುವುದು ಜರ್ಮನಿಯಲ್ಲಿ. ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದರು. ಅಪ್ಪ ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರು. ಆದಮನ ಬೆರಳು, ದೇವರ ಬೆರಳು, ಮಧ್ಯೆ ಸ್ವಲ್ಪ ಜಾಗ. ಸಿಸ್ಟೈನ್ ಚಾವಣಿಯ ಆ ಚಿತ್ರವನ್ನು ಎಷ್ಟೋ ವರ್ಷ ಕರಿಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬಿಡಿಸಿ ತೋರಿಸಿದವರು. ನಿಜವಾದದ್ದನ್ನು ತೋರಿಸೋಣ ಅಂತ ಕಡಿಮೆ ರೇಟಿನ ಫ್ಲೈಟ್ ಹಿಡಿದೆ. ಶನಿವಾರ ರಾತ್ರಿ ಇಳಿಯುವುದು, ಸೋಮವಾರ ಬೆಳಿಗ್ಗೆ ವಾಪಸ್. ಸಿಕ್ಕಿದ್ದು ಒಂದು ಭಾನುವಾರ. ತಿಂಗಳ ಎರಡನೇ ಭಾನುವಾರ.

ಮೊದಲೇ ಯಾಕೆ ಬುಕ್ ಮಾಡಲಿಲ್ಲ ಅಂತ ಕೇಳಬೇಡಿ. ಮಾಡಲು ಹೋದೆ, ಆ ದಿನಾಂಕ ತೋರಿಸಲಿಲ್ಲ. ಟಿಕೆಟ್ ಖಾಲಿ ಆಗಿರಬೇಕು, ಅಲ್ಲೇ ಹೋಗಿ ತಗೊಂಡರಾಯಿತು ಅಂದುಕೊಂಡೆ. ರಜೆ ಇರಬಹುದು ಅಂತ ತಲೆಗೇ ಹೋಗಲಿಲ್ಲ. ನಮ್ಮ ಕಡೆ ಇಂಥ ಜಾಗಗಳಿಗೆಲ್ಲ ಭಾನುವಾರವೇ ಅಲ್ವಾ ಜನ ಜಾಸ್ತಿ?

ಬೆಳಿಗ್ಗೆ ಮೆಟ್ರೋದಲ್ಲಿ ಅಪ್ಪ ಖುಷಿಯಾಗಿದ್ದರು. "ಮೈಕೆಲೆಂಜೆಲೊ ಮಲಗಿಕೊಂಡು ಬಿಡಿಸಿದ ಅಂತಾರೆ ಜನ. ಸುಳ್ಳು. ಅಟ್ಟಣೆ ಮೇಲೆ ನಿಂತು, ಕತ್ತು ಎತ್ತಿಕೊಂಡೇ ಬಿಡಿಸಿದ್ದು. 1508ರಿಂದ 1512, ನಾಲ್ಕು ವರ್ಷ," ಅಂತ ಅಮ್ಮನಿಗೆ ಪಾಠ. ಅಮ್ಮ "ಪಾಪ, ಕತ್ತು ಏನಾಗಿರಬೇಡ" ಅಂದರು.

ಒಟ್ಟಾವಿಯಾನೋ ಸ್ಟೇಷನ್ ಮೆಟ್ಟಿಲು ಹತ್ತಿ ಹೊರಗೆ ಬಂದೆವೋ ಇಲ್ಲವೋ, ಕೊರಳಿಗೆ ಐಡಿ ಕಾರ್ಡ್ ನೇತುಹಾಕಿಕೊಂಡ ಒಬ್ಬ "ನಮಸ್ತೆ" ಅಂದ. ಆಮೇಲೆ ಹಿಂದಿ. ಅಮ್ಮನಿಗೆ ಆಂಟೀಜಿ, ಅಪ್ಪನ ಕೈಯಿಂದ ಬ್ಯಾಗ್ ಈಸಿಕೊಳ್ಳುವುದು, ನೀರು ಬೇಕಾ ಅನ್ನುವುದು. ಇವತ್ತು ಸಾಲು ಮೂರು ಗಂಟೆ ಇದೆ, ವಯಸ್ಸಾದವರು ನಿಲ್ಲಲಾರರು, ನಮ್ಮದು ಸಾಲಿಲ್ಲದ ಟೂರ್, ತಲೆಗೆ 49 ಯೂರೋ. ನಾನು ಕೇಳಿದೆ. ಇದನ್ನು ಗಮನಿಸಿ, ಕೇಳದೆ ದುಡ್ಡು ಕೊಡಲಿಲ್ಲ ನಾನು. "ಸಿಸ್ಟೈನ್ ಚಾಪೆಲ್ ಇದೆಯಾ?" ಅಂತ ಕೇಳಿದೆ. "ಎಲ್ಲಾ ಇದೆ ಸರ್, ಫುಲ್ ವ್ಯಾಟಿಕನ್" ಅಂದ. ಎಲ್ಲಾ ಇದೆ! ಕಾರ್ಡ್ ಉಜ್ಜಿದೆ. ರಸೀದಿ ಕೊಟ್ಟ. ಅದರ ಮೇಲೆ "ವ್ಯಾಟಿಕನ್ ಟೂರ್" ಅಂತ ಎರಡೇ ಪದ.

ನಾನು ಮೈಸೂರಿನವನು ಸ್ವಾಮಿ. ಅರಮನೆ ತೆರೆದಿದ್ದರೂ "ಇವತ್ತು ಕ್ಲೋಸ್ ಸಾರ್, ಸಿಲ್ಕ್ ಅಂಗಡಿಗೆ ಹೋಗೋಣ ಬನ್ನಿ" ಅನ್ನುವ ಆಟೋದವರನ್ನು ನೋಡಿಕೊಂಡೇ ಬೆಳೆದವನು. ಬಂದ ನೆಂಟರಿಗೆಲ್ಲ ಹುಷಾರು ಹೇಳುತ್ತಿದ್ದವನು. ಮುಚ್ಚಿದ್ದನ್ನು ತೆರೆದಿದೆ ಅಂತ ಮಾರುವವರೂ ಇರುತ್ತಾರೆ ಅಂತ ನನಗೆ ಹೊಳೆಯಲಿಲ್ಲ.

ಸುಮಾರು ಇಪ್ಪತ್ತು ಜನರನ್ನು ಸೇರಿಸಿ ಸಂತ ಪೀಟರ್ ಚೌಕಕ್ಕೆ ಕರೆದುಕೊಂಡು ಹೋದರು. ಗೈಡ್ ಬೇರೆ ಹುಡುಗಿ. ಕಿವಿಗೊಂದು ಯಂತ್ರ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಬರ್ನಿನಿ ಕಟ್ಟಿಸಿದ ಸುತ್ತು ಮಂಟಪ, 284 ಕಂಬ, ಈಜಿಪ್ಟಿನಿಂದ ತಂದ ಕಲ್ಲಿನ ಸ್ತಂಭ. ಇಪ್ಪತ್ತೈದು ನಿಮಿಷ ಆಯಿತು. ಆಮೇಲೆ "ಈಗ ಈ ಸಾಲಿಗೆ ನಿಲ್ಲಿ, ಯಂತ್ರ ವಾಪಸ್ ಕೊಡಿ" ಅಂದಳು. ಯಾವ ಸಾಲು? ಚೌಕದಲ್ಲಿ ಎಲ್ಲರೂ ನಿಂತಿದ್ದ ಸೆಕ್ಯುರಿಟಿ ಸಾಲು. ಬಿಸಿಲಲ್ಲಿ ಒಂದು ಗಂಟೆ ಐದು ನಿಮಿಷ. ಅಮ್ಮ ಸೆರಗು ತಲೆ ಮೇಲೆ ಹಾಕಿಕೊಂಡು ನಿಂತರು. ಸಾಲಿಲ್ಲದ ಟೂರ್ ಇದು!

ಚೌಕದ ಎದುರಿನ ದೊಡ್ಡ ಚರ್ಚ್ ಒಳಗೆ ಹೋದೆವು. ಅಪ್ಪ ನೇರ ತಲೆ ಎತ್ತಿದರು. ಮೇಲೆ ಬಂಗಾರದ ಬಣ್ಣದ ಚೌಕ ಚೌಕ ಕೆತ್ತನೆ. ನಾನು "ನೋಡಿ ಅಪ್ಪ!" ಅಂದೆ. ಹೌದು, ಅಂದೆ. ಈಗ ನೆನಪಾದರೂ ಮೈ ಉರಿಯುತ್ತದೆ. ಅಪ್ಪ ಸ್ವಲ್ಪ ಹೊತ್ತು ನೋಡಿದರು. ಕನ್ನಡಕ ತೆಗೆದು ಅಂಗಿ ಅಂಚಲ್ಲಿ ಒರೆಸಿದರು. ಮತ್ತೆ ನೋಡಿದರು. ಮೆತ್ತಗೆ, ಬೇರೆಯವರಿಗೆ ಕೇಳಿಸಬಾರದು ಅನ್ನುವ ಹಾಗೆ, "ಇದು ಅದಲ್ಲ ಕಣೋ" ಅಂದರು.

ಅಲ್ಲಿದ್ದ ಸಿಬ್ಬಂದಿಯನ್ನು ಕೇಳಿದೆ. ಸಿಸ್ಟೈನ್ ಮ್ಯೂಸಿಯಂ ಕಡೆ, ಇವತ್ತು ಭಾನುವಾರ, ಬಂದ್. ನಾನು ರಸೀದಿ ತೋರಿಸಿದೆ. ಆತ ನೋಡಿ ವಾಪಸ್ ಕೊಟ್ಟ. "ಈ ಚರ್ಚಿಗೆ ಬರಲು ಟಿಕೆಟ್ ಇಲ್ಲ. ಫ್ರೀ," ಅಂದ. ದೇವಸ್ಥಾನದಲ್ಲಿ ವಿಶೇಷ ದರ್ಶನದ ದುಡ್ಡು ಕಟ್ಟಿ ಧರ್ಮದರ್ಶನದ ಸಾಲಲ್ಲಿ ನಿಂತು ಬಂದ ಹಾಗಾಯಿತು ನಮ್ಮ ಕಥೆ. ಅದೂ ಬೇರೆ ದೇವರಿಗೆ.

ಅಪ್ಪ ನನ್ನ ಸಮಾಧಾನಕ್ಕೋ ಏನೋ, ಗಾಜಿನ ಹಿಂದಿದ್ದ, ಮೈಕೆಲೆಂಜೆಲೊ ಕೆತ್ತಿದ ಪಿಯೆಟಾ ಶಿಲ್ಪದ ಮುಂದೆ ಅರ್ಧ ಗಂಟೆ ನಿಂತರು. "ಇದೂ ಅವನದೇ," ಅಂದರು. ಅವರು ಬೈದಿದ್ದರೆ ವಾಸಿ ಇತ್ತು.

ಹೊರಗೆ ಬಂದು ರಸೀದಿಯಲ್ಲಿದ್ದ ನಂಬರಿಗೆ ವಾಟ್ಸಾಪ್ ಮಾಡಿದೆ. ಉತ್ತರ ಕೇಳಿ. "ಸರ್, ನೀವು ತಗೊಂಡಿದ್ದು ವ್ಯಾಟಿಕನ್ ಟೂರ್, ಮ್ಯೂಸಿಯಂ ಟೂರ್ ಅಲ್ಲ." ನಿಮ್ಮವನೇ ಸಿಸ್ಟೈನ್ ಇದೆ ಅಂದ ಅಂದೆ. "ಅವನು ನಮ್ಮ ಸ್ಟಾಫ್ ಅಲ್ಲ ಸರ್, ಪಾರ್ಟ್‌ನರ್." ಚರ್ಚ್ ಫ್ರೀ ಅಲ್ವಾ ಅಂದೆ. "ಚರ್ಚ್ ಫ್ರೀ ಸರ್, ದುಡ್ಡು ಗೈಡ್‌ಗೆ." ಗೈಡ್ ಒಳಗೇ ಬರಲಿಲ್ಲವಲ್ಲ ಅಂದೆ. ಹತ್ತು ನಿಮಿಷ ಸದ್ದಿಲ್ಲ. ಅಷ್ಟರಲ್ಲಿ ಮಧ್ಯಾಹ್ನ 12 ಆಗಿ, ಪೋಪ್ ಕಿಟಕಿಗೆ ಬಂದು ಪ್ರಾರ್ಥನೆ ಶುರು ಮಾಡಿದರು. ಅವರು ಊರಲ್ಲಿದ್ದರೆ ಭಾನುವಾರ ಅದು ಇದ್ದೇ ಇರುತ್ತದೆ, ಯಾರು ಬೇಕಾದರೂ ನಿಂತು ನೋಡಬಹುದು. ಆಗ ಮೆಸೇಜ್ ಬಂತು: "ಪೋಪ್ ದರ್ಶನವೂ ಆಯಿತಲ್ಲ ಸರ್, ಇನ್ನೇನು ಬೇಕು?"

ಪೋಪ್ ಅವರನ್ನೂ ಇವರೇ ಕಿಟಕಿಗೆ ಕರೆಸಿದ್ದು ಅನ್ನುವ ಹಾಗೆ!

ಹೋಗುವವರಿಗೆ ಇಷ್ಟು. ತಿಂಗಳ ಕೊನೆಯ ಭಾನುವಾರವಾದರೆ ಮ್ಯೂಸಿಯಂ ಫ್ರೀ, ಆದರೆ 12:30ರ ಒಳಗೆ ಒಳಹೋಗಬೇಕು, ನೂಕುನುಗ್ಗಲು ಸಹಿಸಬೇಕು. ತಿಂಗಳ ಮೊದಲ ಭಾನುವಾರ ಕೊಲೋಸಿಯಂ ಫ್ರೀ. ಮಧ್ಯದ ಭಾನುವಾರವಾದರೆ ಸಿಸ್ಟೈನ್ ಆಸೆ ಬಿಟ್ಟುಬಿಡಿ. ಯಾರು ಏನೇ ಹೇಳಲಿ, ಬಿಟ್ಟುಬಿಡಿ. ಟಿಕೆಟ್ ಮ್ಯೂಸಿಯಂನವರ ಸ್ವಂತ ಸೈಟಿನಲ್ಲೇ ತಗೊಳ್ಳಿ. ಕ್ಯಾಲೆಂಡರ್‌ನಲ್ಲಿ ದಿನಾಂಕ ಕಾಣದಿದ್ದರೆ "ಖಾಲಿಯಾಗಿದೆ" ಅಂತ ನನ್ನ ಹಾಗೆ ಜಾಣತನ ಮಾಡಬೇಡಿ. ಮೆಟ್ರೋ ಬಾಗಿಲಲ್ಲಿ ನಮಸ್ತೆ ಅಂದವರಿಗೆ ವಾಪಸ್ ನಮಸ್ತೆ ಹೇಳಿ ಮುಂದೆ ನಡೆಯಿರಿ. ನಿಲ್ಲಬೇಡಿ.

ಸಂಜೆ ಹಳೇ ರೋಮನ್ ದೇವಾಲಯ ಪ್ಯಾಂಥಿಯನ್‌ಗೆ ಹೋದೆವು. ನಾವು ಹೋದಾಗ ತಲಾ 5 ಯೂರೋ. ಗುಮ್ಮಟದ ನಡುವಿನ ತೂತಿನಿಂದ ಬಿದ್ದ ಬೆಳಕನ್ನು ಅಪ್ಪ ಪುಟ್ಟ ಪುಸ್ತಕದಲ್ಲಿ ಪೆನ್ಸಿಲ್‌ನಲ್ಲಿ ಗೀಚಿಕೊಂಡರು. ಇಡೀ ದಿನದಲ್ಲಿ ನ್ಯಾಯವಾಗಿ ಕೊಟ್ಟ ದುಡ್ಡು ಅಂದರೆ ಅದೊಂದೇ.

ಸೋಮವಾರ ಬೆಳಿಗ್ಗೆ ಏರ್‌ಪೋರ್ಟ್‌ನಲ್ಲಿ ಬೋರ್ಡಿಂಗ್ ಸಾಲಿನಲ್ಲಿದ್ದಾಗ ಫೋನ್ ಟಿಂಗ್ ಅಂತು. ಅದೇ ನಂಬರ್. "ಗುಡ್ ಮಾರ್ನಿಂಗ್ ಸರ್. ಇವತ್ತು ಮ್ಯೂಸಿಯಂ ತೆರೆದಿದೆ. ನಿಮಗೆ ಹತ್ತು ಪರ್ಸೆಂಟ್ ಡಿಸ್ಕೌಂಟ್. ಅಪ್ಪ ಅಮ್ಮನನ್ನು ಕರೆದುಕೊಂಡು ಬರುತ್ತೀರಾ?"