ದೊಡ್ಡಪ್ಪನ ನಾಯಗಾಂವ್ ಖೋಲಿಯೋ, ಡೊಂಬಿವಲಿ ಬ್ಲಾಕೋ?

ಮುಂಬೈಯಲ್ಲಿ ದೊಡ್ಡಪ್ಪ ಎರಡು ಕಡೆ ಸಂಸಾರ ಮಾಡಿದರು. ಮೊದಲು ನಾಯಗಾಂವಿನ ಬಿಡಿಡಿ ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ವಠಾರದಲ್ಲಿ, ಒಂದೇ ಕೋಣೆಯ ಖೋಲಿ. ಆಮೇಲೆ ದೂರದ ಡೊಂಬಿವಲಿ ಪೂರ್ವದಲ್ಲಿ ಸ್ವಂತ ಬ್ಲಾಕ್, ಅಂದರೆ ಫ್ಲಾಟ್. ಬೇಸಿಗೆ ರಜೆಯಲ್ಲಿ ಉಡುಪಿ ಕಡೆಯಿಂದ ಹೋಗಿ ನಾನು ಎರಡರಲ್ಲೂ ಉಳಿದಿದ್ದೇನೆ. ನಮ್ಮ ಕುಟುಂಬದಲ್ಲಿ ನಾಲ್ಕು ಜನ ಸೇರಿದರೆ ಖೋಲಿಯ ಕಥೆ ಮುಗಿಯುವುದೇ ಇಲ್ಲ. ಬ್ಲಾಕಿನ ಮಾತನ್ನು ಯಾರೂ ಎತ್ತುವುದಿಲ್ಲ. ಅದು ನನಗೆ ಸರಿ ಕಾಣುವುದಿಲ್ಲ.

ಮೊದಲು ಜಾಗದ ಮಾತು. ಬಿಡಿಡಿ ಚಾಳ್‌ಗಳನ್ನು 1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ (ಅದೇ ಬಿಡಿಡಿ) ಕಟ್ಟಿಸಿತು. ಒಂದು ಖೋಲಿ ಅಂದರೆ 160 ಚದರ ಅಡಿ, ಅಷ್ಟೇ. ಪ್ರತಿ ಅಂತಸ್ತಿನ ನಡುವೆ ಉದ್ದನೆಯ ಪ್ಯಾಸೇಜ್, ಎರಡೂ ಬದಿಗೆ ಬಾಗಿಲುಗಳು. ಬೇರೆಯವರ ಹೆಸರಿನಲ್ಲಿದ್ದ ಖೋಲಿಯಲ್ಲಿ ದೊಡ್ಡಪ್ಪ ಬಾಡಿಗೆಗಿದ್ದರು. ದೊಡ್ಡಪ್ಪ, ದೊಡ್ಡಮ್ಮ, ಇಬ್ಬರು ಮಕ್ಕಳು, ಜೊತೆಗೆ ಹೋಟೆಲ್ ಕೆಲಸ ಹುಡುಕಿಕೊಂಡು ಊರಿಂದ ಬಂದ ಒಬ್ಬ ಹುಡುಗ ಯಾವಾಗಲೂ ಇರುತ್ತಿದ್ದ. ರಾತ್ರಿ ಗಂಡಸರೆಲ್ಲ ಪ್ಯಾಸೇಜಿನಲ್ಲಿ ಚಾಪೆ ಹಾಸುತ್ತಿದ್ದರು. ಡೊಂಬಿವಲಿಯಲ್ಲಿ ಹಾಲ್, ಅಡುಗೆಮನೆ, ಒಂದು ರೂಮು. ನಾವು ಹೋದರೂ ಯಾರೂ ಹೊರಗೆ ಮಲಗಬೇಕಾಗಿರಲಿಲ್ಲ.

ಓಡಾಟದಲ್ಲಿ ಖೋಲಿಯದೇ ಮೇಲುಗೈ. ದಾದರ್ ಸ್ಟೇಷನ್ನಿಗೆ ನಡೆದೇ ಹೋಗಬಹುದು. ಮಾಟುಂಗಾ ಪಕ್ಕದಲ್ಲೇ. ಅಲ್ಲಿ ಹೂವು, ಬಾಳೆಎಲೆ, ಊರಿನ ತರಕಾರಿ ಎಲ್ಲ ಸಿಗುತ್ತಿತ್ತು. ದೊಡ್ಡಪ್ಪನ ಹೋಟೆಲ್ ಫೋರ್ಟಿನಲ್ಲಿ. ಮಧ್ಯಾಹ್ನದ ಬಿಡುವಿಗೆ ಮನೆಗೆ ಬಂದು ಸ್ವಲ್ಪ ಮಲಗಿ ಹೋಗುತ್ತಿದ್ದರು. ಡೊಂಬಿವಲಿಯಿಂದ ಫೋರ್ಟಿನ ಹತ್ತಿರದ ಸಿಎಸ್‌ಟಿ ಸ್ಟೇಷನ್ನಿಗೆ ಸುಮಾರು 50 ಕಿಲೋಮೀಟರ್, ಲೋಕಲ್‌ನಲ್ಲಿ ನಿಂತೇ ಹೋಗಬೇಕು. ಮಕ್ಕಳು ಏಳುವ ಮೊದಲೇ ಅವರು ಹೊರಟಾಗಿರುತ್ತಿತ್ತು, ಬರುವಾಗ ಮಕ್ಕಳು ಮಲಗಿರುತ್ತಿದ್ದರು. ಬ್ಲಾಕಿಗೆ ಕೊಟ್ಟ ನಿಜವಾದ ಬೆಲೆ ಇದೇ. ಇನ್ನು ಊರಿಂದ ಹೋಗುವವರ ವಿಷಯ. ಮೊದಲು ಬಸ್ಸಿನಲ್ಲಿ ಸೊಂಟ ಮುರಿಯುವ ಪ್ರಯಾಣ. 1998ರಲ್ಲಿ ಕೊಂಕಣ ರೈಲು ಪೂರ್ತಿ ಶುರುವಾದ ಮೇಲೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಹೋಗಿ ಠಾಣೆಯಲ್ಲಿ ಇಳಿದರೆ ಡೊಂಬಿವಲಿಯೇ ಹತ್ತಿರ.

ಅಕ್ಕಪಕ್ಕದವರ ವಿಷಯಕ್ಕೆ ಬಂದರೆ ಖೋಲಿಗೆ ಸಾಟಿಯೇ ಇಲ್ಲ. ಹಗಲು ಬಾಗಿಲು ಹಾಕುವ ಪದ್ಧತಿಯೇ ಇರಲಿಲ್ಲ. ದೊಡ್ಡಮ್ಮ ಮರಾಠಿ ಕಲಿತದ್ದು ಎದುರು ಖೋಲಿಯ ಮಾವಶಿಯಿಂದ (ಮರಾಠಿಯಲ್ಲಿ ಚಿಕ್ಕಮ್ಮ). 1982ರಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಗಿ ಆ ಅಂತಸ್ತಿನ ಎಷ್ಟೋ ಮನೆಗಳಿಗೆ ಸಂಬಳ ನಿಂತಿತು. ದೊಡ್ಡಪ್ಪನ ಹೋಟೆಲ್ ಸಂಬಳ ನಿಲ್ಲಲಿಲ್ಲ. ಆಗ ದೊಡ್ಡಮ್ಮ ಒಂದು ಸೇರು ಅಕ್ಕಿ ಜಾಸ್ತಿ ಬೇಯಿಸಿ, ಕೇಳುವ ಮೊದಲೇ ಎದುರು ಮನೆಗೆ ಕೊಡುತ್ತಿದ್ದರಂತೆ. ಬ್ಲಾಕಿನಲ್ಲಿ ಇಂಥ ಕಥೆ ಇಲ್ಲ, ನಿಜ. ಸೊಸೈಟಿ ಮೀಟಿಂಗ್, ಗಣಪತಿ ಹಬ್ಬ, ಅಷ್ಟೇ.

ಆದರೂ ನನ್ನ ಓಟು ಬ್ಲಾಕಿಗೇ. ಕಾರಣ ದೊಡ್ಡಮ್ಮ.

ಖೋಲಿಯ ಮೂಲೆಯಲ್ಲಿ ಒಂದು ಮೋರಿ, ಅಂದರೆ ನೀರು ಹರಿದುಹೋಗುವ ಪುಟ್ಟ ಬಚ್ಚಲು. ಪಾತ್ರೆ, ಬಟ್ಟೆ, ಸ್ನಾನ ಎಲ್ಲ ಅಲ್ಲೇ, ಒಂದು ಸೀರೆ ಅಡ್ಡ ಕಟ್ಟಿಕೊಂಡು. ಸಂಡಾಸ್ ಮಾತ್ರ ಇಡೀ ಅಂತಸ್ತಿಗೆ ಸೇರಿ, ಪ್ಯಾಸೇಜಿನ ಆ ಕಡೆ. ಬೆಳಿಗ್ಗೆ ಬಕೆಟ್ ಹಿಡಿದು ಸಾಲು. ರಾತ್ರಿ ಹೋಗಬೇಕೆಂದರೆ ಪ್ಯಾಸೇಜಿನಲ್ಲಿ ಮಲಗಿದ ಗಂಡಸರನ್ನೆಲ್ಲ ದಾಟಿ ಹೋಗಬೇಕು. ಹಾಗಾಗಿ ದೊಡ್ಡಮ್ಮ ಸಂಜೆಯಾದ ಮೇಲೆ ನೀರು ಕುಡಿಯುತ್ತಿರಲಿಲ್ಲ. ಮೇ ತಿಂಗಳ ಮುಂಬೈ ಸೆಕೆಯಲ್ಲಿ! ವರ್ಷಗಟ್ಟಲೆ ಹೀಗೆ. ಇದನ್ನು ಅವರು ನನಗೆ ಹೇಳಿದ್ದು ಡೊಂಬಿವಲಿಗೆ ಬಂದ ಎಷ್ಟೋ ಕಾಲದ ಮೇಲೆ. "ಖೋಲಿ ಚಂದ ಇತ್ತು ಅಂತ ನೀವೆಲ್ಲ ಹೇಳ್ತೀರಿ. ನೀವು ರಜೆಗೆ ಬಂದವರು ಅಲ್ವಾ ಮಾರಾಯ" ಅಂದಿದ್ದರು.

ಡೊಂಬಿವಲಿಯಲ್ಲೂ ನೀರು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ. ಆದರೆ ಡ್ರಮ್ಮಿಗೆ ತುಂಬಿಟ್ಟು, ಬಚ್ಚಲಿನ ಚಿಲಕ ಹಾಕಿ, ಬೇಕಾದಷ್ಟು ಹೊತ್ತು ಸ್ನಾನ ಮಾಡಬಹುದಿತ್ತು. ಎರಡು ದಿನದ ನೆಂಟರಿಗೆ ಖೋಲಿಯೇ ಚಂದ. ಸಂಸಾರ ನಡೆಸುವ ಹೆಂಗಸಿಗೆ ಬ್ಲಾಕೇ ಬೇಕು.

ಈಗ ಬಿಡಿಡಿ ಚಾಳ್‌ಗಳನ್ನು ಕೆಡವಿ ಎತ್ತರದ ಕಟ್ಟಡ ಕಟ್ಟುತ್ತಿದ್ದಾರೆ, ಹಳೆಯ ನಿವಾಸಿಗಳಿಗೆ ಅದೇ ಜಾಗದಲ್ಲಿ 500 ಚದರ ಅಡಿಯ ಮನೆ. ಸುದ್ದಿ ಹೇಳಿದಾಗ ದೊಡ್ಡಮ್ಮ ಮೊದಲು ಕೇಳಿದ್ದು, "ಸಂಡಾಸ್ ಒಳಗೇ ಇದೆಯಾ?" ಅಂತ.